ಪಡುನಾಡಿನ ಸರದಿ

ಬಿರುಗಾಳಿಯನ್ನು ಕೊಲ್ಲಲಾಗದು, ಆದರೆ ತಿರುಗಿಸಬಹುದು ಎಂದು ಗೊತ್ತಾದ ಮೇಲೆ ಲೋಕದಲ್ಲಿ ಜಗಳ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮೊದಲಾದರೆ ಗಾಳಿ ಬಂದು ಮನೆ ಬಿದ್ದರೆ ಜನ ದೇವರನ್ನು ಬೈದು, ಅತ್ತು, ಮತ್ತೆ ಗೋಡೆ ಕಟ್ಟುತ್ತಿದ್ದರು. ಈಗ ಬೈಯುವುದಕ್ಕೆ ಹೆಸರು, ವಿಳಾಸ, ಫೋನ್ ನಂಬರು ಇರುವ ಮನುಷ್ಯರಿದ್ದರು.

ತಿರುಗಿಸುವ ಉಪಾಯ ಕೇಳಿದರೆ ಸುಲಭ. ಬಿರುಗಾಳಿ ಎಂಬುದು ಕಡಲಿನ ಬಿಸಿನೀರನ್ನು ಉಂಡು ಬೆಳೆಯುವಂಥದ್ದು. ಅದರ ದಾರಿಯ ಒಂದು ಮಗ್ಗುಲಿನ ನೀರನ್ನು ತಣ್ಣಗೆ ಮಾಡಿದರೆ ಅದು ಬಿಸಿ ಇರುವ ಇನ್ನೊಂದು ಮಗ್ಗುಲಿಗೆ ವಾಲುತ್ತದೆ, ಹಸಿದ ದನ ಹುಲ್ಲಿದ್ದ ಕಡೆಗೆ ಕತ್ತು ಚಾಚಿದ ಹಾಗೆ. ಅದಕ್ಕೆಂದು ಪಶ್ಚಿಮ ಸಮುದ್ರದ ತುಂಬ ನಾಲ್ಕು ಸಾವಿರ ತಂಪುಕೊಳವೆಗಳನ್ನು ತೇಲಿಬಿಟ್ಟಿದ್ದರು. ಒಂದೊಂದು ಕೊಳವೆಯೂ ಇನ್ನೂರು ಮಾರು ಉದ್ದ. ಬಾಯಿ ಮೇಲೆ, ಬುಡ ಕಡಲಾಳದಲ್ಲಿ. ಬೀಗದ ಕೈ ತಿರುಗಿಸಿದರೆ ಸಾಕು, ಅಲೆಯ ಏರಿಳಿತದ ಬಲದಿಂದಲೇ ಅವು ಆಳದ ತಣ್ಣೀರನ್ನು ಮೇಲಕ್ಕೆಳೆದು ಚೆಲ್ಲುತ್ತಿದ್ದವು. ಒಂದು ದಿನದಲ್ಲಿ ಗಾಳಿಯ ಮೂಗು ಬೇರೆ ಕಡೆಗೆ ಹೊರಳುತ್ತಿತ್ತು. ಒಬ್ಬರಿಗೆ ತಪ್ಪಿದ್ದು ಇನ್ನೊಬ್ಬರಿಗೆ ಹೊಡೆಯಲೇಬೇಕು. ಯಾರಿಗೆ ಎಂಬುದನ್ನು ತೀರ್ಮಾನಿಸಲು ಆ ಸಮುದ್ರದ ಸುತ್ತಲಿನ ಒಂಬತ್ತು ನಾಡುಗಳು ಸೇರಿ ಸಾಗರ ಒಕ್ಕೂಟ ಕಟ್ಟಿಕೊಂಡವು.

ಒಕ್ಕೂಟಕ್ಕೆ ಇಬ್ಬರು ಯಜಮಾನರು. ಒಬ್ಬರು ಸರದಿ ಅಧ್ಯಕ್ಷರು. ಆರು ತಿಂಗಳಿಗೆ ಒಂದು ನಾಡಿನವರಂತೆ ದೊಡ್ಡ ಕುರ್ಚಿಯಲ್ಲಿ ಕೂತು ಸಭೆ ನಡೆಸುವುದು, ತೀರ್ಮಾನವಾದದ್ದನ್ನು ಓದಿ ಬೀಗದ ಕೈ ತಿರುಗಿಸುವುದು ಅವರ ಕೆಲಸ. ಅವರಿಗೆ ಮತವಿಲ್ಲ, ಕುರ್ಚಿ ಏರಿದ ದಿನದಿಂದ ತಮ್ಮದೆನ್ನುವ ನಾಡೂ ಇಲ್ಲ. ಇನ್ನೊಬ್ಬರು ಆಯೋಗದ ಮುಖ್ಯಸ್ಥರು. ಅವರದು ಐದು ವರ್ಷ. ವಿಜ್ಞಾನಿಗಳೆಲ್ಲ ಅವರ ಕೈಕೆಳಗೆ. ಮತ ಸಮ ಸಮ ಬಿದ್ದರೆ ಅವರು ಹೇಳಿದ್ದೇ ಆಯಿತು. ಈ ಇಬ್ಬರ ಎದುರಿಗೆ ಒಂಬತ್ತು ಸಣ್ಣ ಕುರ್ಚಿಗಳು, ನಾಡಿಗೊಂದು. ಮತ ಇದ್ದದ್ದು ಆ ಸಣ್ಣ ಕುರ್ಚಿಗಳಿಗೆ.

ಪಡುನಾಡಿನವರು ತಪ್ಪಿದ್ದು ಇಲ್ಲಿಯೇ.

ಪಡುನಾಡಿನಲ್ಲಿ ತೆಂಕಿನವರು ಹೌದೆಂದದ್ದನ್ನು ಇಲ್ಲವೆನ್ನದೆ ಬಡಗಿನವರು ಅನ್ನ ಉಂಡವರಲ್ಲ, ತೆಂಕಿನವರೂ ಅಷ್ಟೇ. ದೊಡ್ಡ ಕುರ್ಚಿಯ ಸರದಿ ಬಂದಾಗ ಇವರ ಮನುಷ್ಯನನ್ನು ಅವರು ಒಪ್ಪಲಿಲ್ಲ, ಅವರವನನ್ನು ಇವರು ಒಪ್ಪಲಿಲ್ಲ. ಕಡೆಗೆ ಎರಡಕ್ಕೂ ಸೇರದ, ನಡುವಿನ ಮರಳುದಿಣ್ಣೆಯ ಹೊಸಬೆಂಗ್ರೆ ಎಂಬ ಊರಿನ ಚಂಚಲಾಕ್ಷಿ ಕುಂದರ್ ಎಂಬವಳನ್ನು ಕಳಿಸಿದರು. ಐವತ್ತೆಂಟು ವರ್ಷದ ಹೆಂಗಸು, ಮದುವೆಯಾಗಿರಲಿಲ್ಲ. ಮೀನು ಮಾರುವ ಮಹಿಳೆಯರ ಸಂಘದ ಕಾರ್ಯದರ್ಶಿಯಾಗಿ ಇಪ್ಪತ್ತು ವರ್ಷ ದುಡಿದವಳು. ಸಭೆ ನಡೆಸಲು ಬರುತ್ತಿತ್ತು, ಸುಳ್ಳು ಹೇಳಲು ಬರುತ್ತಿರಲಿಲ್ಲ.

ಆಮೇಲೆ ಸಣ್ಣ ಕುರ್ಚಿಯ ಮಾತು ಬಂತು. ಅಲ್ಲಿ ಮೊದಲು ಕೂರುತ್ತಿದ್ದ ಪ್ರತಿನಿಧಿಯ ಅವಧಿ ಮುಗಿದಿತ್ತು. ದೊಡ್ಡ ಕುರ್ಚಿಯೇ ನಮ್ಮದಾದ ಮೇಲೆ ಅದರ ಕಾಲಬುಡದಲ್ಲಿ, ಅದೂ ಒಬ್ಬ ಮೀನಿನ ಹೆಂಗಸಿನ ಕೆಳಗೆ, ನಮ್ಮವ ಹೋಗಿ ಕೂರುವುದೇ ಎಂದು ತೆಂಕಿನವರು ಕೇಳಿದರು. ಬಡಗಿನವರೂ ಅದನ್ನೇ ಕೇಳಿದರು. ಆರು ತಿಂಗಳು ತಾನೆ, ಇರಲಿ ಬಿಡಿ ಎಂದು ಆ ಕುರ್ಚಿಯನ್ನು ಖಾಲಿ ಬಿಟ್ಟರು. ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ಊರೂರಲ್ಲಿ ಪಟಾಕಿ ಹೊಡೆದರು. ಹೊಸಬೆಂಗ್ರೆಯಲ್ಲಿ ಚಂಚಲಾಕ್ಷಿಯ ಅಣ್ಣ ವಾಮನ ದೋಣಿಗಟ್ಟೆಯ ಮೇಲೆ ತಂಗಿಯ ಪಟವಿದ್ದ ದೊಡ್ಡ ಬ್ಯಾನರು ಕಟ್ಟಿಸಿ, ಅವಳಿಗೆ ಸನ್ಮಾನ ಮಾಡಿಸಿದ.

ಸನ್ಮಾನಕ್ಕೆ ಬಾರದೆ ಇದ್ದವಳು ಒಬ್ಬಳೇ, ವಾಮನನ ಹೆಂಡತಿ ಸುಂದರಿ. ಏಳು ವರ್ಷದ ಹಿಂದೆ ಅವಳು ಹಳಸಿದ ಬಂಗುಡೆಯನ್ನು ಹೊಸ ಮೀನಿನೊಂದಿಗೆ ಬೆರೆಸಿ ಮಾರುತ್ತಿದ್ದಾಳೆಂದು ದೂರು ಬಂದಾಗ, ಚಂಚಲಾಕ್ಷಿ ಅತ್ತಿಗೆಯೆಂದು ನೋಡದೆ ಮಾರ್ಕೆಟಿನ ನಡುವೆಯೇ ಬುಟ್ಟಿ ಚೆಲ್ಲಿಸಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮೇ ತಿಂಗಳಲ್ಲಿ, ಒಂದು ಗುರುವಾರ, ಲವಂಗದ್ವೀಪದ ಕೇಂದ್ರ ಕಚೇರಿಯಲ್ಲಿ ಸಭೆ ಸೇರಿತು. ಗೋಡೆಯಷ್ಟು ದೊಡ್ಡ ತೆರೆಯ ಮೇಲೆ ಕಡಲು, ಅದರ ನಡುವೆ ಸುತ್ತುವ ಬಿಳಿಯ ಚಕ್ಕುಲಿಯಂಥ ಗಾಳಿ. ಅದು ಹೋಗುತ್ತಿದ್ದುದು ಹವಳದ್ವೀಪದ ಕಡೆಗೆ. ಅಲ್ಲಿ ಎಪ್ಪತ್ತು ಸಾವಿರ ಜನ. ಎತ್ತರದ ಜಾಗ ಎಂದರೆ ಶಾಲೆಯ ಮಾಳಿಗೆ. ಕೊಳವೆ ತೆರೆದರೆ ಗಾಳಿ ಹೊರಳಿ ಶನಿವಾರ ಸಂಜೆಗೆ ಪಡುನಾಡಿಗೆ ಬಡಿಯುತ್ತದೆ, ಮೊದಲ ಪೆಟ್ಟು ಹೊಸಬೆಂಗ್ರೆಯ ಮೇಲೆ.

ಬೆಳಿಗ್ಗೆಯೇ ನಕ್ಷೆ ನೋಡಿದ್ದ ಚಂಚಲಾಕ್ಷಿ ತೆಂಕಿನ ಮುಖಂಡನಿಗೂ ಬಡಗಿನ ಮುಖಂಡನಿಗೂ ಫೋನ್ ಮಾಡಿ, ಇವತ್ತು ಮತ ಇದೆ, ಹತ್ತು ಗಂಟೆಯೊಳಗೆ ಸಣ್ಣ ಕುರ್ಚಿಗೆ ಒಂದು ಹೆಸರು ಬರೆದು ಕಳಿಸಿ ಎಂದು ಹೇಳಿದ್ದಳು. ಯಾವುದರ ಮೇಲಿನ ಮತ ಎಂದು ಹೇಳುವ ಹಾಗಿರಲಿಲ್ಲ. "ಹೆಸರು ಹಾಕುದಾದ್ರೆ ನಮ್ಮವನದ್ದೇ ಹಾಕ್ಬೇಕು, ಅದನ್ನು ಬಡಗಿನವರು ಮೊದ್ಲು ಬರೆದು ಕೊಡ್ಲಿ" ಎಂದ ತೆಂಕಿನವನು. ಬಡಗಿನವನು, "ಅವ ಎಂತ ಹೇಳಿದ? ಮೊದ್ಲು ಅದನ್ನು ಹೇಳಿ" ಎಂದ. ಹತ್ತು ಗಂಟೆಗೆ ಹೆಸರು ಬರಲಿಲ್ಲ.

ಆಯೋಗದ ಮುಖ್ಯಸ್ಥನ ಹೆಸರು ಖಮೀಸ್, ಮರಳುಕರೆ ಎಂಬ ನಾಡಿನವನು. ಸಣಕಲು ಮೈ, ನಗುವ ಅಭ್ಯಾಸವಿಲ್ಲ. ಚಂಚಲಾಕ್ಷಿಯ ಕಿವಿಗೆ ಸಿಕ್ಕಿಸಿದ ಅನುವಾದಯಂತ್ರ ಎಲ್ಲರ ಮಾತನ್ನೂ ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸುತ್ತಿದ್ದುದರಿಂದ ಅವನ ಸಿಟ್ಟು ಕೂಡ ಮದುವೆಯ ಕಾಗದದಂತೆ ಕೇಳುತ್ತಿತ್ತು.

"ಪೀಠಸ್ಥರು ನಾಡುಗಳ ಹೆಸರನ್ನು ಕರೆಯುವ ಕೃಪೆ ಮಾಡಬೇಕು" ಎಂದ ಅವನು.

ಅವಳು ಕರೆದಳು. ಗಾಳಿಯನ್ನು ತಿರುಗಿಸಬೇಕೆಂದು ಹವಳದ್ವೀಪವೂ ಇನ್ನು ಮೂವರೂ ಕೈ ಎತ್ತಿದರು. ಪಡುನಾಡಿನ ಬಂದರುಗಳಲ್ಲಿ ಪಾಲಿದ್ದ ನಾಲ್ವರು ಬೇಡವೆಂದರು. ಉಳಿದದ್ದು ಒಂದು. ಖಾಲಿ ಕುರ್ಚಿಯನ್ನೂ ಮೂರು ಸಲ ಕರೆಯಬೇಕೆಂದು ನಿಯಮವಿತ್ತು.

"ಪಡುನಾಡು" ಎಂದು ಕರೆದಳು ಚಂಚಲಾಕ್ಷಿ. ಕುರ್ಚಿಯ ಮೇಲೆ ಯಾರೋ ತಮ್ಮ ಚೀಲ ಇಟ್ಟಿದ್ದರು. "ಪಡುನಾಡು" ಎಂದು ಮತ್ತೆ ಕರೆದಳು. ಹವಳದ್ವೀಪದ ಪ್ರತಿನಿಧಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ. ಅಲ್ಲಿ ಯಾವನಾದರೂ ಒಬ್ಬ, ತೆಂಕಿನವನೋ ಬಡಗಿನವನೋ, ಎಂಥ ದಡ್ಡನೋ ಕೂತು ಬೇಡ ಎಂದಿದ್ದರೆ ಐದಕ್ಕೆ ನಾಲ್ಕಾಗುತ್ತಿತ್ತು. ಹೊಸಬೆಂಗ್ರೆ ಉಳಿಯುತ್ತಿತ್ತು, ಆ ಮನುಷ್ಯನ ಎಪ್ಪತ್ತು ಸಾವಿರ ಜನ ನೀರು ಪಾಲಾಗುತ್ತಿದ್ದರು. ಎರಡನ್ನೂ ಒಟ್ಟಿಗೆ ಯೋಚಿಸಲು ಅವಳಿಗೆ ಆಗಲಿಲ್ಲ. ಮೂರನೆಯ ಸಲ ಕರೆದಳು.

"ನಾಲ್ಕಕ್ಕೆ ನಾಲ್ಕು" ಎಂದ ಖಮೀಸ್. "ಆದುದರಿಂದ ನನ್ನ ಮಾತೇ ಅಂತಿಮ. ತಿರುಗಿಸತಕ್ಕದ್ದು. ನಿರ್ಣಯಪತ್ರವನ್ನು ಓದಿ ನೋಡಲು ಪೀಠಸ್ಥರಿಗೆ ಒಂದು ಗಂಟೆಯ ಅವಕಾಶವಿದೆ. ದಾರಿಯನ್ನು ಎಂದಿನಂತೆ ಗಾಳಿ ಅಪ್ಪಳಿಸುವುದಕ್ಕೆ ಹನ್ನೆರಡು ಗಂಟೆ ಮುಂಚಿತವಾಗಿ ಪ್ರಕಟಿಸಲಾಗುವುದು."

ಹನ್ನೆರಡು ಗಂಟೆಯ ಆ ನಿಯಮ ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ದಾರಿಯನ್ನು ಬೇಗ ಹೇಳಿದ್ದಕ್ಕೆ ಒಂದು ನಾಡಿನ ಜನ ದೋಣಿ ಕಟ್ಟಿಕೊಂಡು ಹೋಗಿ ಕೊಡಲಿಯಿಂದ ಕೊಳವೆಗಳನ್ನು ಕಡಿದು ಹಾಕಿದ್ದರು. ಆದರೆ ಹೊಸಬೆಂಗ್ರೆಗೆ ಹನ್ನೆರಡು ಗಂಟೆ ಸಾಲದು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ನಡುವೆ ಮರಳು, ಮರಳಿನ ಮೇಲೆ ಮೂರು ಸಾವಿರ ಜನ. ಸೇತುವೆಯಿಲ್ಲ. ಗಾಳಿ ಮುಟ್ಟುವುದಕ್ಕೆ ಒಂದು ದಿನ ಮೊದಲೇ ಹೊಳೆ ಉಕ್ಕಿ ದೋಣಿ ನಿಲ್ಲುತ್ತದೆ. ಇದನ್ನು ಅವಳು ಸಭೆಯಲ್ಲಿ ಹೇಳಿದಳು. ಒಂದು ದಿಣ್ಣೆಗೋಸ್ಕರ ನಿಯಮ ಬದಲಿಸಲಾಗದು ಎಂಬ ಖಮೀಸನ ಉತ್ತರವನ್ನು ಯಂತ್ರ ಕಿವಿಯಲ್ಲಿ ಮೆಲ್ಲಗೆ ಹೇಳಿತು.

ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಿರ್ಣಯಪತ್ರವನ್ನು ಮೇಜಿನ ಮೇಲಿಟ್ಟಳು. ಮೊದಲು ಊರಿನ ಗುರಿಕಾರ ಶೀನನಿಗೆ ಫೋನ್ ಮಾಡಿದಳು. ಊರಿನ ಹಿರಿಯ ಅವನು. ಅವನ ಮಾತಿಗೆ ಜನ ಏಳುತ್ತಾರೆ, ಕೂರುತ್ತಾರೆ.

ಶೀನ ಗುರಿಕಾರ ಕೇಳಿ ನಕ್ಕುಬಿಟ್ಟ. "ಚಂಚಲಕ್ಕ, ನೀವು ಅಲ್ಲಿ ಕೂತಿರುವಾಗ ಗಾಳಿ ಇಲ್ಲಿಗೆ ಬರ್ಲಿಕ್ಕುಂಟಾ? ಎಲ್ಲರಿಗೂ ಹೀಗೆ ಹೇಳ್ಬೇಕು ಅಂತ ನಿಮಗೆ ರೂಲ್ಸ್ ಇರ್ಬಹುದು. ಹೇಳಿದ್ರಿ, ನಾನು ಕೇಳಿದೆ, ಆಯ್ತಲ್ಲ."

"ಗುರಿಕಾರ್ರೇ, ನಾನು ತಮಾಷೆ ಮಾಡ್ತಾ ಇಲ್ಲ."

"ಗೊತ್ತುಂಟು, ಗೊತ್ತುಂಟು. ಅಲ್ಲಿ ಗೋಡೆಗೂ ಕಿವಿ ಇರ್ತದೆ. ನೀವೇನೂ ಹೆದರ್ಬೇಡಿ. ನಾವು ಯಾರೂ ಹೆದರುದಿಲ್ಲ."

ಅವನು ಫೋನ್ ಇಟ್ಟ. ಊರಿನ ಮೂರು ಸಾವಿರ ಜನರಲ್ಲಿ ಅವಳ ಬಾಯಿಂದ ಈ ಮಾತು ಕೇಳಿ ನಂಬುವವರು ಯಾರು? ಅವಳ ಬಗ್ಗೆ ಕೆಟ್ಟದ್ದನ್ನು ನಂಬಲು ತಯಾರಾಗಿ ಕೂತವರು ಒಬ್ಬರೇ. ಆ ನಂಬರು ಅವಳ ಫೋನಿನಲ್ಲಿ ಇರಲಿಲ್ಲ, ಬಾಯಿಪಾಠವಿತ್ತು.

ಹೊಸಬೆಂಗ್ರೆಯಲ್ಲಿ ಆಗ ಮಧ್ಯಾಹ್ನ. ಸುಂದರಿ ಹಿತ್ತಿಲಲ್ಲಿ ಕೂತು ಮಣೆಕತ್ತಿಯಲ್ಲಿ ಮೀನು ಕೊಯ್ಯುತ್ತಿದ್ದಳು.

"ಅತ್ತಿಗೆ, ನಾನು. ಚಂಚಲಾ."

"ನಿನ್ನ ಅಣ್ಣ ಇಲ್ಲ. ದೋಣಿಗೆ ಡಾಂಬರು ಹಚ್ಲಿಕ್ಕೆ ಹೋಗಿದ್ದಾರೆ."

"ನಿಮ್ಮಲ್ಲೇ ಮಾತಾಡ್ಬೇಕು."

"ನನ್ನಲ್ಲಿ ನಿನಗೆಂತ ಮಾತು. ಏಳು ವರ್ಷ ಇಲ್ಲದ್ದು."

"ಶನಿವಾರ ಸಂಜೆ ಗಾಳಿ ನಮ್ಮೂರಿಗೆ ಬರ್ತದೆ. ತಾನಾಗಿ ಬರುದಲ್ಲ, ತಿರುಗಿಸುದು. ಇನ್ನು ಅರ್ಧ ಗಂಟೆಯಲ್ಲಿ ಬೀಗದ ಕೈ ತಿರುಗಿಸುವವಳು ನಾನೇ."

ಮೀನು ಕೊಯ್ಯುವ ಸದ್ದು ನಿಂತಿತು.

"ಬೇರೆ ಯಾರು ಹೇಳಿದ್ರೂ ನಾನು ನಂಬ್ತಿರ್ಲಿಲ್ಲ" ಎಂದಳು ಸುಂದರಿ. "ನೀನು ಮಾಡುವವಳೇ. ಸಂತೆಯ ನಡುವೆ ಸ್ವಂತ ಅತ್ತಿಗೆಯ ಬುಟ್ಟಿ ಚೆಲ್ಲಿಸಿದವಳಿಗೆ ಊರು ಯಾವ ಲೆಕ್ಕ."

"ಬೈಯಿರಿ. ಬೈತಾ ಬೈತಾ ಜನರನ್ನು ಹೊಳೆ ದಾಟಿಸಿ. ನಾಳೆ ಸಂಜೆಗೆ ದೋಣಿ ನಿಲ್ತದೆ."

"ಆಚೆ ಎಷ್ಟು ಜನ ಉಂಟು? ಯಾರನ್ನು ಉಳಿಸ್ಲಿಕ್ಕೆ ನಮ್ಮನ್ನು ಕಡಿಯುದು?"

"ಎಪ್ಪತ್ತು ಸಾವಿರ. ಅವರಿಗೆ ಓಡ್ಲಿಕ್ಕೆ ಜಾಗ ಇಲ್ಲ."

"ನಮಗೆ ಉಂಟಾ?"

"ಹೊಳೆ ದಾಟಿದ್ರೆ ಉಂಟು."

"ಮನೆ?"

"ಮನೆ ಹೋಗ್ತದೆ, ಅತ್ತಿಗೆ."

"ನಿನ್ನ ನಾಲಿಗೆಗೆ ಹುಳ ಬೀಳ್ಲಿ" ಎಂದು ಸುಂದರಿ ಫೋನ್ ಕಡಿದಳು.

ಬೀಗದ ಕೈ ನೋಡಲು ಕಪಾಟಿನ ಬೀಗದ ಕೈಯ ಹಾಗಿತ್ತು. ಚಂಚಲಾಕ್ಷಿ ಅದನ್ನು ಹಿಡಿದು ನಿಯಂತ್ರಣ ಕೋಣೆಗೆ ಬಂದಾಗ ಖಮೀಸ್ ಅಲ್ಲಿ ಕಾಯುತ್ತಿದ್ದ.

"ಪೀಠಸ್ಥರು ಎರಡು ಬಾರಿ ದೂರವಾಣಿ ಬಳಸಿದ್ದು ಗಮನಕ್ಕೆ ಬಂದಿದೆ. ತಾವು ಗುಟ್ಟನ್ನು ಹೊರಗೆಡಹಿದ್ದೀರಾ?"

"ಹೌದು."

"ಕೊಳವೆಗಳಿಗೆ ಧಕ್ಕೆಯಾದರೆ ಆ ದ್ವೀಪದ ಸಾವುಗಳ ಹೊಣೆ ತಮ್ಮದು."

"ಕೊಳವೆ ಕಡಿಯಲು ನಮ್ಮವರಿಗೆ ದೋಣಿ ಸಿಕ್ಕುವುದಿಲ್ಲ" ಎಂದಳು ಅವಳು. "ಇರುವ ದೋಣಿಗಳೆಲ್ಲ ಇವತ್ತು ಹೊಳೆಗೇ ಬೇಕು."

ಅವನ ಕಿವಿಯ ಯಂತ್ರ ಇದನ್ನು ಅವನಿಗೆ ಹೇಗೆ ಹೇಳಿತೋ. ಅವನು ಕೈ ಚಾಚಿದ. ಅವಳು ಮೊದಲು ತನ್ನ ಫೋನನ್ನು ಆ ಕೈಯಲ್ಲಿಟ್ಟಳು. ಆಮೇಲೆ ಬೀಗದ ಕೈಯನ್ನು ಗೂಡಿಗೆ ಹಾಕಿ ತಿರುಗಿಸಿದಳು. ಸದ್ದಿಲ್ಲ, ಬೆಳಕಿಲ್ಲ. ತೆರೆಯ ಮೇಲೆ ಮಾತ್ರ, ಗಾಳಿಯ ಎಡಮಗ್ಗುಲಿಗೆ, ಸಣ್ಣ ಸಣ್ಣ ನೀಲಿ ಚುಕ್ಕೆಗಳು ಒಂದೊಂದಾಗಿ ಹುಟ್ಟಿಕೊಂಡವು. ಹವಳದ್ವೀಪದ ಪ್ರತಿನಿಧಿ ಹತ್ತಿರ ಬಂದು ಏನೋ ಹೇಳಲು ನೋಡಿದ. ಅವಳು ಕಿವಿಯ ಯಂತ್ರ ತೆಗೆದಿಟ್ಟು ಹೊರಗೆ ನಡೆದಳು. ಬಾಗಿಲಲ್ಲಿ ಕಾವಲಿನವರು ಅವಳನ್ನು ಕೋಣೆಗೆ ಕರೆದೊಯ್ದು ಹೊರಗಿನಿಂದ ಚಿಲಕ ಹಾಕಿದರು.

ಇತ್ತ ಸುಂದರಿ ಕೈಯ ಮೀನುವಾಸನೆ ಕೂಡ ತೊಳೆಯದೆ ಎದ್ದಿದ್ದಳು. ಗಾಳಿ ಬರುತ್ತದೆ, ಓಡಿ ಎಂದರೆ ಯಾರೂ ಓಡುವುದಿಲ್ಲವೆಂದು ಅವಳಿಗೆ ಗೊತ್ತು. ಹೊಸಬೆಂಗ್ರೆಯವರು ಗಾಳಿಗೆ ಹೆದರಿದವರಲ್ಲ. ಮನೆಯ ತೊಲೆಗೆ ಹಗ್ಗ ಬಿಗಿದು ಒಳಗೆ ಕೂರುವವರು. ಆದರೆ ಮೋಸ ಎಂದರೆ ಏಳುವವರು. ಅವಳು ದೋಣಿಗಟ್ಟೆಗೆ ಹೋಗಿ ಬ್ಯಾನರಿನ ಹಗ್ಗವನ್ನು ಮೀನಿನ ಕತ್ತಿಯಿಂದ ಕೊಯ್ದು ಕೆಳಗೆ ಹಾಕಿದಳು.

"ಎಂತದು ಸುಂದರಕ್ಕ ಇದು?" ಎಂದು ಶೀನ ಗುರಿಕಾರ ಓಡಿ ಬಂದ.

"ನಿಮ್ಮ ಅಧ್ಯಕ್ಷೆ ನಮ್ಮನ್ನು ಮಾರಿ ಆಯ್ತು. ಅವಳೇ ಫೋನ್ ಮಾಡಿ ಹೇಳಿದ್ದು. ನಿಮಗೂ ಮಾಡಿದ್ದಾಳಾ ಇಲ್ವಾ, ಸತ್ಯ ಹೇಳಿ."

ಮಾಡಿದ್ದಳು ಎಂದು ಗುರಿಕಾರ ಒಪ್ಪಿಕೊಂಡ. ಅಷ್ಟು ಸಾಕಾಯಿತು. ಸುದ್ದಿ ಬೆಂಕಿಯಂತೆ ಹಬ್ಬಿತು. ಕೊಳವೆ ಕಡಿಯಲು ಹೋಗುವ ಎಂದು ನಾಲ್ಕೈದು ಗಂಡಸರು ಎದ್ದಾಗ ಸುಂದರಿ ಅಡ್ಡ ನಿಂತಳು.

"ಕೊಳವೆ ಎಲ್ಲಿ ಉಂಟು ಅಂತ ಗೊತ್ತುಂಟಾ ನಿಮ್ಮ ಅಪ್ಪನಿಗೆ? ಹೊಳೆ ದಾಟಿ ತಾಲೂಕು ಕಚೇರಿಗೆ ಹೋಗುವ. ಅಲ್ಲಿ ಅವಳ ಪ್ರತಿಕೃತಿ ಸುಡುವ. ಗಾಳಿಯನ್ನು ವಾಪಸು ತಿರುಗಿಸುವವರೆಗೆ ಒಬ್ರೂ ಏಳುದು ಬೇಡ. ಮುದುಕರನ್ನು, ಮಕ್ಕಳನ್ನು, ಬಾಣಂತಿಯರನ್ನು ಎಲ್ಲ ತನ್ನಿ. ಅವರನ್ನು ಕಂಡ್ರೆ ಮಾತ್ರ ಸರಕಾರಕ್ಕೆ ಬಿಸಿ ಮುಟ್ಟುದು. ಅನ್ನದ ಪಾತ್ರೆಯನ್ನೂ ತನ್ನಿ, ಒಂದು ದಿನದಲ್ಲಿ ಮುಗಿಯುವ ಗಲಾಟೆ ಅಲ್ಲ."

ಅವಳು ಉಪಾಯವಾಗಿ ಹೇಳಿದಳೋ, ಹೊಟ್ಟೆಯ ಉರಿಯಿಂದಲೇ ಹೇಳಿದಳೋ, ಕಡೆಗೂ ಯಾರಿಗೂ ತಿಳಿಯಲಿಲ್ಲ. ಎರಡೂ ಇದ್ದಿರಬಹುದು. ಎಚ್ಚರಿಕೆ ಕೇಳಿ ಒಂದು ಹೆಜ್ಜೆ ಇಡದಿದ್ದವರು ಸಿಟ್ಟಿಗೆ ದೋಣಿ ಹತ್ತಿದರು. ಗುರುವಾರ ಮಧ್ಯಾಹ್ನದಿಂದ ಶುಕ್ರವಾರ ಮೂರು ಗಂಟೆಯವರೆಗೆ ದೋಣಿಗಳು ಬಿಡುವಿಲ್ಲದೆ ಹೋಗಿ ಬಂದವು. ಹಾಸಿಗೆ ಹಿಡಿದವರನ್ನು ಮಂಚದ ಸಮೇತ ಹೊತ್ತರು. ಆಚೆ ದಡದ ತಾಲೂಕು ಕಚೇರಿ ಗುಡ್ಡದ ಮೇಲಿತ್ತು. ಅದರ ಬಯಲಿನಲ್ಲಿ ಹುಲ್ಲಿನ ಚಂಚಲಾಕ್ಷಿಗೆ ಹಳೆಯ ಸೀರೆ ಉಡಿಸಿ, ಚಪ್ಪಲಿಯಲ್ಲಿ ಹೊಡೆದು ಸುಟ್ಟರು. ಪೊಲೀಸರು ಬಂದು ನೋಡಿ, ಮಳೆ ಹನಿಯಲು ಸುರುವಾದ ಮೇಲೆ ಪಕ್ಕದ ಶಾಲೆಯ ಬಾಗಿಲು ತೆಗೆಸಿಕೊಟ್ಟರು. ಶುಕ್ರವಾರ ಸಂಜೆ ಹೊಳೆ ಉಕ್ಕಿತು. ಶನಿವಾರ ಗಾಳಿ ಬಂತು. ಶಾಲೆಯ ಹೆಂಚುಗಳು ಎಲೆಯಂತೆ ಹಾರಿದವು. ಭಾನುವಾರ ಬೆಳಿಗ್ಗೆ ಗುಡ್ಡದಿಂದ ನೋಡಿದರೆ ಕಡಲಿಗೂ ಹೊಳೆಗೂ ನಡುವೆ ಏನೂ ಇರಲಿಲ್ಲ. ಎರಡೂ ಒಂದೇ ನೀರು.

ಹವಳದ್ವೀಪದಲ್ಲಿ ತೆಂಗಿನಮರಗಳು ಕೂಡ ಬೀಳಲಿಲ್ಲ.

ಒಕ್ಕೂಟದ ಸಭೆ ಸೋಮವಾರ ಸೇರಿ, ಗುಟ್ಟು ಒಡೆದ ತಪ್ಪಿಗೆ ಚಂಚಲಾಕ್ಷಿಯನ್ನು ಅಧ್ಯಕ್ಷತೆಯಿಂದ ತೆಗೆದುಹಾಕಿತು. ಹವಳದ್ವೀಪದ ಪ್ರತಿನಿಧಿಯೂ ತೆಗೆಯುವ ಕಡೆಗೇ ಕೈ ಎತ್ತಿದ. ನಿಯಮ ನಿಯಮವೇ ಎಂದ. ಪಡುನಾಡಿನ ತೆಂಕಿನವರೂ ಬಡಗಿನವರೂ ಅವಳು ತಮ್ಮವಳಲ್ಲವೆಂದು ಹೇಳಿಕೆ ಕೊಟ್ಟರು. ಅವಳ ಸಾಮಾನುಗಳನ್ನು ಒಂದು ಚೀಲದಲ್ಲಿ ಹಾಕಿ ಕೈಗೆ ಕೊಟ್ಟರು. ಫೋನೂ ಅದರಲ್ಲೇ ಇತ್ತು, ಸತ್ತಿತ್ತು. ಬುಧವಾರ ಅವಳು ಗುಡ್ಡದ ಮೇಲಿನ ಶಾಲೆಗೆ ಬಂದಳು.

ಅಂಗಳದಲ್ಲಿ ಗಂಜಿಗೆ ಸಾಲು ನಿಂತಿತ್ತು. ಒಬ್ಬ ಮುದುಕಿ ಅವಳ ಕಾಲಬಳಿಗೆ ಉಗಿದಳು. "ಎಂತಕ್ಕೆ ಬಂದದ್ದು? ಇನ್ನು ಯಾರನ್ನಾದ್ರೂ ಎಣಿಸ್ಲಿಕ್ಕೆ ಬಾಕಿ ಉಂಟಾ?" ಎಂದ ಒಬ್ಬ. ಶೀನ ಗುರಿಕಾರ ಮುಖ ತಿರುಗಿಸಿದ. ಅವಳು ಒಂದೊಂದೇ ಕೋಣೆಯಲ್ಲಿ ಇಣುಕುತ್ತ ಹೋದಳು. ಮುದುಕರಿದ್ದರು, ಮಕ್ಕಳಿದ್ದರು, ಹಾಸಿಗೆ ಹಿಡಿದವರಿದ್ದರು. ಅವಳಿಗೆ ಬೇಕಾದ ಒಂದು ಮುಖ ಮಾತ್ರ ಕಾಣಲಿಲ್ಲ.

ಕಡೆಯ ಕೋಣೆಯ ಜಗಲಿಯಲ್ಲಿ ಸುಂದರಿ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಎಲ್ಲರೂ ಬಂದಿದ್ದಾರಲ್ಲ, ಅತ್ತಿಗೆ" ಎಂದಳು ಚಂಚಲಾಕ್ಷಿ.

"ಒಬ್ರು ಬರ್ಲಿಲ್ಲ."

ಚಂಚಲಾಕ್ಷಿ ಚೀಲವನ್ನು ಕೆಳಗಿಟ್ಟಳು.

"ಬನ್ನಿ ಅಂದೆ" ಎಂದಳು ಸುಂದರಿ, ಮೊರದ ಮೇಲಿನ ಕಣ್ಣು ತೆಗೆಯದೆ. "ನನ್ನ ತಂಗಿಯನ್ನು ಸುಡುವಲ್ಲಿಗೆ ನಾನು ಬರುದಾ ಅಂತ ಕೇಳಿದ್ರು. ಸುಡುದು ಹಾಳಾಗ್ಲಿ ಮಾರಾಯ್ರೆ, ಗಾಳಿ ಬರ್ತದೆ, ಅವಳೇ ತಿರುಗಿಸಿದ್ದು ಅಂದೆ. ಚಂಚಲಾ ಹಾಗೆ ಮಾಡುವವಳಲ್ಲ ಅಂದ್ರು. ಮೂವತ್ತೈದು ವರ್ಷದಲ್ಲಿ ನಿನ್ನ ಬಗ್ಗೆ ನಾನು ಹೇಳಿದ್ದು ಎಂತದನ್ನೂ ಅವರು ನಂಬಿದ್ದಿಲ್ಲ. ಇದನ್ನೂ ನಂಬ್ಲಿಲ್ಲ."

ಅವಳು ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದಳು.

"ಕಡೇ ದೋಣಿ ಹೊರಡುವಾಗ ನನ್ನೆದುರೇ ನಿನಗೆ ಫೋನ್ ಮಾಡಿದ್ರು. ನಾಲ್ಕು ಸಲ. ನೀನು ತೆಗೀಲಿಲ್ಲ. ಕಂಡೆಯಾ, ಅವಳಿಗೆ ಪುರುಸೊತ್ತಿಲ್ಲ, ಗಾಳಿಯನ್ನು ಆಚೆ ಕಳಿಸ್ತಾ ಇರ್ಬೇಕು ಅಂದ್ರು. ನನ್ನನ್ನು ದೋಣಿ ಹತ್ತಿಸಿ, ಕೊಡೆ ಬಿಡಿಸಿಕೊ ಅಂತ ಹೇಳಿ, ಮನೆ ಕಡೆಗೆ ಹೋದ್ರು."